ಬಾಗಿಲ ಬಳಿಯ ಚೀಟಿ

ಉಪನ್ಯಾಸವೊಂದು ಮುಗಿದಾಗ ಸಭೆಯಲ್ಲಿ ಏಳುವ ಚಪ್ಪಾಳೆಗೆ ಅರ್ಥವೇನೆಂದು ಹೇಳುವುದು ಸುಲಭವಲ್ಲ. ಉಪನ್ಯಾಸ ಚೆನ್ನಾಗಿತ್ತೆಂದು ತಟ್ಟುವವರುಂಟು. ಅಂತೂ ಮುಗಿಯಿತಲ್ಲ ಎಂಬ ಸಂತೋಷಕ್ಕೆ ತಟ್ಟುವವರುಂಟು. ಪಕ್ಕದವರು ತಟ್ಟಿದರೆಂದು ತಟ್ಟುವವರೂ ಉಂಟು. ವೇದಿಕೆಯ ಮೇಲಿಂದ ಕೇಳಿದರೆ ಮೂರರ ಸದ್ದೂ ಒಂದೇ. ಕೈಮುಗಿದು ನಿಂತ ಉಪನ್ಯಾಸಕನಿಗೆ ಆ ಸದ್ದು ಹಿತವಾಗಿಯೇ ಇರುತ್ತದೆ. ಆದರೆ ಅವನು ದೀಪ ಆರಿಸಿ ಮಲಗಿದ ಮೇಲೆ ಒಂದು ಸಂದೇಹ ಮೆಲ್ಲನೆ ಬಂದು ತಲೆದಿಂಬಿನ ಬಳಿ ಕುಳಿತುಕೊಳ್ಳುತ್ತದೆ. ಹೇಳಿದ್ದು ಅವರಿಗೆ ತಲುಪಿತೇ?

ಈ ಸಂದೇಹ ಹರಿಕಥೆಯ ದಾಸರಿಗೂ ಹೊಸದಲ್ಲ, ತರಗತಿಯ ಅಧ್ಯಾಪಕರಿಗೂ ಹೊಸದಲ್ಲ. ಆದರೆ ಅವರಿಗೆ ಒಂದು ಅನುಕೂಲವುಂಟು. ಕೇಳುವವರ ಮುಖಗಳು ಅವರ ಕಣ್ಣೆದುರಿನಲ್ಲಿಯೇ ಇರುತ್ತವೆ. ಒಬ್ಬನ ತಲೆದೂಗು, ಇನ್ನೊಬ್ಬನ ಗಂಟಿಕ್ಕಿದ ಹುಬ್ಬು, ಮತ್ತೊಬ್ಬನ ಆಕಳಿಕೆ ಇವೆಲ್ಲ ಆಗಿಂದಾಗಲೇ ಸುದ್ದಿ ಮುಟ್ಟಿಸುತ್ತವೆ. ಅದನ್ನರಿತು ದಾಸರು ಒಂದು ಉಪಕಥೆ ಸೇರಿಸುತ್ತಾರೆ; ಅಧ್ಯಾಪಕರು ಹಲಗೆಯತ್ತ ತಿರುಗಿ ಲೆಕ್ಕವನ್ನು ಮೊದಲಿನಿಂದ ಮಾಡುತ್ತಾರೆ. ತಂತ್ರಾಂಶ ನಿರ್ಮಾಪಕರ ಸಮ್ಮೇಳನದಲ್ಲಿ ಮಾತನಾಡುವವರಿಗೆ ಈ ಅನುಕೂಲ ಕಡಿಮೆ. ಸಭಾಂಗಣದ ದೀಪಗಳನ್ನು ತಗ್ಗಿಸಿರುತ್ತಾರೆ. ಕೇಳುಗರಲ್ಲಿ ಅನೇಕರ ಮಡಿಲಿನಲ್ಲಿ ಗಣಕಯಂತ್ರ ತೆರೆದಿರುತ್ತದೆ. ತಗ್ಗಿದ ಮುಖದ ಮೇಲೆ ಪರದೆಯ ನೀಲಿ ಬೆಳಕು ಬಿದ್ದಿರುತ್ತದೆ. ಆತ ಉಪನ್ಯಾಸದ ಮುಖ್ಯಾಂಶವನ್ನು ಬರೆದುಕೊಳ್ಳುತ್ತಿರುವನೋ, ಕಚೇರಿಯ ಪತ್ರಕ್ಕೆ ಉತ್ತರ ಬರೆಯುತ್ತಿರುವನೋ ವೇದಿಕೆಯ ಮೇಲಿರುವವರಿಗೆ ತಿಳಿಯುವ ಬಗೆಯಿಲ್ಲ. ಮುಖ ಹೇಳಬೇಕಾದುದನ್ನು ಇಲ್ಲಿ ಬೇರೆ ಯಾವುದಾದರೂ ಹೇಳಬೇಕಾಗುತ್ತದೆ.

ತಂತ್ರಾಂಶವೆಂದರೆ ಗಣಕಯಂತ್ರವು ಯಾವ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕೆಂದು ತಿಳಿಸುವ ಬರಹ. ಬ್ಯಾಂಕಿನ ಲೆಕ್ಕ, ರೈಲಿನ ಟಿಕೆಟ್ಟು, ಆಸ್ಪತ್ರೆಯ ಯಂತ್ರ, ಅಂಗೈಯಲ್ಲಿನ ಫೋನು ಎಲ್ಲವೂ ಇಂದು ನಡೆಯುವುದು ಈ ಬರಹದ ಬಲದಿಂದ. ಅದನ್ನು ಬರೆಯುವ ಕಸುಬು ಮಾತ್ರ ಬಹಳ ಎಳೆಯದು. ಬಡಗಿಯ ಕಸುಬಿಗೆ, ಕುಂಬಾರನ ಕಸುಬಿಗೆ ಸಾವಿರಾರು ವರ್ಷಗಳ ಅನುಭವದ ಬೆಂಬಲವಿದೆ. ಇದಕ್ಕೆ ಇನ್ನೂ ನೂರು ವರ್ಷವೂ ತುಂಬಿಲ್ಲ. ಇಲ್ಲಿ ವಿದ್ಯೆ ಬೇಗ ಹಳತಾಗುತ್ತದೆ. ಪುಸ್ತಕ ಬರೆದು ಅಚ್ಚು ಹಾಕಿಸುವ ಹೊತ್ತಿಗೆ ವಿಷಯವೇ ಬದಲಾಗಿರುವುದುಂಟು. ಆದ್ದರಿಂದ ಈ ಕಸುಬಿನವರು ಆಗಾಗ ಒಂದೆಡೆ ಸೇರಿ ತಾವು ಕಂಡುಕೊಂಡದ್ದನ್ನೂ, ಕೆಡಿಸಿಕೊಂಡದ್ದನ್ನೂ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ದೊಡ್ಡ ಸಮ್ಮೇಳನಗಳಲ್ಲಿ ಏಕಕಾಲಕ್ಕೆ ನಾಲ್ಕಾರು ಕೊಠಡಿಗಳಲ್ಲಿ ಉಪನ್ಯಾಸ ನಡೆಯುತ್ತಿರುತ್ತದೆ. ಒಂದನ್ನು ಆರಿಸಿಕೊಂಡವನು ಉಳಿದವನ್ನು ಬಿಟ್ಟಂತೆಯೇ. ರಜೆ ಹಾಕಿ, ಶುಲ್ಕ ತೆತ್ತು, ಊರಿನಿಂದ ಊರಿಗೆ ಬಂದವನಿಗೆ ಆ ಒಂದು ಗಂಟೆ ಹಗುರವಾದದ್ದಲ್ಲ.

ಕೇಳಿದವರ ಮಾತಿಗೆ ಬೆಲೆಯುಂಟೆಂಬುದು ಈ ಕಸುಬಿನವರಿಗೆ ಮೊದಲಿನಿಂದಲೂ ಗೊತ್ತಿದ್ದಿತು. 1968ರ ಅಕ್ಟೋಬರಿನಲ್ಲಿ ಅಂದಿನ ಪಶ್ಚಿಮ ಜರ್ಮನಿಯ ಗಾರ್ಮಿಶ್ ಎಂಬ ಊರಿನಲ್ಲಿ, ನೇಟೋ ಒಕ್ಕೂಟದ ವಿಜ್ಞಾನ ಸಮಿತಿಯ ಆಶ್ರಯದಲ್ಲಿ ಒಂದು ಸಮ್ಮೇಳನ ಸೇರಿತು. ಹನ್ನೊಂದು ದೇಶಗಳಿಂದ ಐವತ್ತಕ್ಕೂ ಹೆಚ್ಚು ಮಂದಿ ಬಂದಿದ್ದರು. ದೊಡ್ಡ ತಂತ್ರಾಂಶಗಳು ಹೇಳಿದ ಕಾಲಕ್ಕೆ ಮುಗಿಯದೆ, ಹೇಳಿದ ವೆಚ್ಚದಲ್ಲಿ ನಿಲ್ಲದೆ, ಮುಗಿದ ಮೇಲೂ ಸರಿಯಾಗಿ ನಡೆಯದೆ ಎಲ್ಲರನ್ನೂ ಕಂಗೆಡಿಸಿದ್ದ ಕಾಲವದು. ಬೆಲ್ ಪ್ರಯೋಗಾಲಯದ ಡಗ್ಲಸ್ ಮೆಕಿಲ್‌ರಾಯ್ ಅವರು ಅಲ್ಲಿ ಒಂದು ಭಾಷಣ ಮಾಡಿದರು. ಯಂತ್ರ ಕಟ್ಟುವವರು ಬೇಕಾದ ಅಳತೆಯ ತಿರುಪನ್ನು ಅಂಗಡಿಯಿಂದ ತರುವಂತೆ, ತಂತ್ರಾಂಶದ ಬಿಡಿಭಾಗಗಳೂ ಸಿದ್ಧವಾಗಿ ದೊರೆಯುವಂತಾಗಬೇಕೆಂಬುದು ಅವರ ವಾದ. ಪೀಟರ್ ನೌರ್ ಮತ್ತು ಬ್ರಯನ್ ರ‍್ಯಾಂಡಲ್ ಸಂಪಾದಿಸಿದ ಸಮ್ಮೇಳನದ ವರದಿ 1969ರ ಜನವರಿಯಲ್ಲಿ ಹೊರಬಂದಿತು. ಆ ವರದಿಯಲ್ಲಿ ಮೆಕಿಲ್‌ರಾಯ್ ಅವರ ಭಾಷಣವಿದೆ; ಅದರ ಬೆನ್ನಿಗೇ ಅದನ್ನು ಕೇಳಿದವರ ಮಾತುಗಳೂ ಅವರವರ ಹೆಸರಿನೊಡನೆ ಅಚ್ಚಾಗಿವೆ. ಹೇಳಿದವರಿಗೂ ಕೇಳಿದವರಿಗೂ ಒಂದೇ ಪುಸ್ತಕದಲ್ಲಿ ಸ್ಥಾನ ದೊರೆತ ಆ ಪುಟಗಳನ್ನು ಓದುವುದು ಇಂದಿಗೂ ಸೊಗಸು.

ಆದರೆ ಐವತ್ತು ಮಂದಿಯ ಸಭೆಯಲ್ಲಿ ನಡೆಯುವುದು ಸಾವಿರ ಮಂದಿಯ ಸಭೆಯಲ್ಲಿ ನಡೆಯದು. ಅದೇ ವರ್ಷದ ಡಿಸೆಂಬರ್ 9ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಡಗ್ಲಸ್ ಎಂಗಲ್‌ಬಾರ್ಟ್ ಎಂಬ ಸಂಶೋಧಕರು ಸುಮಾರು ಸಾವಿರ ಜನರೆದುರು ತೊಂಬತ್ತು ನಿಮಿಷಗಳ ಒಂದು ಪ್ರದರ್ಶನ ನೀಡಿದರು. ಕೈಯಲ್ಲಿ ಹಿಡಿದು ಸರಿಸುವ ಮೌಸ್, ಒಂದು ಬರಹದಿಂದ ಇನ್ನೊಂದಕ್ಕೆ ಹಾರುವ ಕೊಂಡಿ, ದೂರದ ಊರಿನಲ್ಲಿರುವ ಸಹೋದ್ಯೋಗಿಯ ಮುಖವನ್ನು ಪರದೆಯ ಮೇಲೆ ನೋಡುತ್ತ ಇಬ್ಬರೂ ಒಂದೇ ಬರಹವನ್ನು ತಿದ್ದುವ ಸೌಕರ್ಯ, ಇವೆಲ್ಲವನ್ನೂ ಅಂದು ಅವರು ತೋರಿಸಿದರು. ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು. ಗಣಕದ ಇತಿಹಾಸದಲ್ಲಿ ಅಷ್ಟು ಹೆಸರಾದ ಚಪ್ಪಾಳೆ ಇನ್ನೊಂದಿರಲಾರದು. ಮುಂದೆ ಆದದ್ದೇನು? 1970ರ ದಶಕದಲ್ಲಿ ಅವರ ಪ್ರಯೋಗಾಲಯಕ್ಕೆ ಬರುತ್ತಿದ್ದ ಧನಸಹಾಯ ಕ್ಷೀಣಿಸಿತು, ಜೊತೆಗಾರರು ಚದುರಿದರು, 1977ರಲ್ಲಿ ಅದು ಒಂದು ಕಂಪನಿಯ ವಶಕ್ಕೆ ಹೋಯಿತು. ಮೌಸ್ ಜನಸಾಮಾನ್ಯರ ಮೇಜಿಗೆ ಬಂದದ್ದು 1980ರ ದಶಕದಲ್ಲಿ, ಬೇರೆಯವರ ಕೈಯಿಂದ. ಎದ್ದುನಿಂತವರು ಬೆರಗಾಗಿದ್ದರೆಂಬುದು ನಿಜ. ಬೆರಗಾಗುವುದು ಬೇರೆ, ತಿಳಿಯುವುದು ಬೇರೆ. ಯಾವುದು ಅರ್ಥವಾಯಿತು, ಯಾವುದು ಜಾದೂಗಾರನ ಕೈಚಳಕದಂತೆ ಕಂಡಿತು ಎಂಬುದನ್ನು ಆ ಚಪ್ಪಾಳೆ ಹೇಳಲಿಲ್ಲ. ಹೇಳುವುದು ಅದಕ್ಕೆ ಸಾಧ್ಯವೂ ಇರಲಿಲ್ಲ.

ಚಪ್ಪಾಳೆಗಿಂತ ಸ್ವಲ್ಪ ಸ್ಪಷ್ಟವಾದ ಉತ್ತರ ಬೇಕೆಂದು ಸಮ್ಮೇಳನಗಳನ್ನು ನಡೆಸುವವರು ನಾನಾ ಉಪಾಯಗಳನ್ನು ಹೂಡಿದ್ದಾರೆ. ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ 1996ರಲ್ಲಿ ಆರಂಭವಾದ ಒಂದು ಸಮ್ಮೇಳನ ಮತ್ತು ಅದರ ಬಳಗದಿಂದ ಬೆಳೆದು ಲಂಡನ್ನಿನಲ್ಲಿ ನಡೆದ ಇನ್ನೊಂದು ಸಮ್ಮೇಳನ ಬಳಕೆಗೆ ತಂದ ಉಪಾಯ ಬಲು ಸರಳವಾದದ್ದು. ಕೊಠಡಿಯ ಬಾಗಿಲ ಬಳಿ ಹಸಿರು, ಹಳದಿ, ಕೆಂಪು ಬಣ್ಣದ ಚೀಟಿಗಳು. ಹೊರಗೆ ಹೋಗುವವರು ಅವುಗಳಲ್ಲೊಂದನ್ನು ಡಬ್ಬಿಗೆ ಹಾಕಿ ಹೋಗಬೇಕು. ಮೆಚ್ಚಿಗೆಯಾದರೆ ಹಸಿರು, ಪರವಾಗಿಲ್ಲವೆಂದರೆ ಹಳದಿ, ಬೇಸರವಾದರೆ ಕೆಂಪು. ಏನಾದರೂ ಹೇಳಬೇಕೆನಿಸಿದರೆ ಚೀಟಿಯ ಮೇಲೆಯೇ ಎರಡು ಸಾಲು ಗೀಚಬಹುದು. ಕಾಫಿಗೆ ಓಡುವ ಅವಸರದಲ್ಲಿರುವವನಿಗೂ ಒಂದು ಚೀಟಿ ಎತ್ತಿ ಹಾಕಲು ಬಿಡುವಿರುತ್ತದೆ. ಉದ್ದನೆಯ ಪ್ರಶ್ನಾವಳಿಯನ್ನು ತುಂಬುವವರು ಕಡಮೆ. ಮೂರು ದಿನ ಕಳೆದ ಮೇಲೆ ತುಂಬುವವರಿಗೆ ಉಪನ್ಯಾಸಕರ ಮುಖವಲ್ಲದೆ ಬೇರೇನೂ ನೆನಪಿರುವುದಿಲ್ಲ. ಬಣ್ಣದ ಚೀಟಿಗೆ ಆ ದೋಷವಿಲ್ಲ. ಅದು ಬಿಸಿಬಿಸಿಯಾದ ಅಭಿಪ್ರಾಯ.

ಬಿಸಿಯಾದದ್ದೆಲ್ಲ ಬೆಂದಿರುತ್ತದೆಂದು ಹೇಳುವಂತಿಲ್ಲ. ಒಂದು ಕೆಂಪು ಚೀಟಿಯನ್ನು ಕೈಯಲ್ಲಿ ಹಿಡಿದು ನೋಡಿದರೆ ಏನು ತಿಳಿಯುತ್ತದೆ? ವಿಷಯ ತಪ್ಪಾಗಿತ್ತೋ, ಧ್ವನಿ ಕೇಳಿಸಲಿಲ್ಲವೋ, ಕೊಠಡಿಯಲ್ಲಿ ಸೆಕೆ ಹೆಚ್ಚಾಗಿತ್ತೋ, ಕೇಳಲು ಬಂದವನೇ ಬೇರೆ ಕೊಠಡಿಗೆ ಹೋಗಬೇಕಾದವನು ದಾರಿತಪ್ಪಿ ಬಂದಿದ್ದನೋ? ಎಲ್ಲಕ್ಕೂ ಬಣ್ಣ ಒಂದೇ. ಇನ್ನು, ಅರ್ಧದಲ್ಲೇ ಎದ್ದುಹೋದವನು ಬಹುಶಃ ಡಬ್ಬಿಯ ಕಡೆ ನೋಡುವುದೇ ಇಲ್ಲ. ಎಲ್ಲರಿಗಿಂತ ಹೆಚ್ಚು ಬೇಸರಗೊಂಡವನ ಅಭಿಪ್ರಾಯವೇ ಲೆಕ್ಕಕ್ಕೆ ಸೇರದೆ ಹೋಗುತ್ತದೆ. ಹಸಿರು ಚೀಟಿಯಾದರೂ ಅಷ್ಟೆ. ನಗಿಸಿದವನಿಗೆ ಹಸಿರು ಬೇಗ ಬೀಳುತ್ತದೆ. ಕಷ್ಟವಾದ ವಿಷಯವನ್ನು ಕಷ್ಟಪಟ್ಟು ಹೇಳಿದವನಿಗೆ ಹಳದಿ ಬೀಳುತ್ತದೆ; ಆತ ಹೇಳಿದ್ದು ಆರು ತಿಂಗಳ ನಂತರ, ಒಂದು ರಾತ್ರಿ ಯಂತ್ರ ಕೆಟ್ಟು ನಿಂತಾಗ, ಕೇಳಿದವನಿಗೆ ನೆನಪಾಗಿ ಉಪಕಾರಕ್ಕೆ ಬರುತ್ತದೆ. ಆ ಹೊತ್ತಿಗೆ ಡಬ್ಬಿಯನ್ನು ಯಾವಾಗಲೋ ತೆಗೆದಿಟ್ಟಿರುತ್ತಾರೆ.

ಮೆಚ್ಚಿಗೆ ಎಷ್ಟರಮಟ್ಟಿಗೆ ದಾರಿತಪ್ಪಿಸಬಲ್ಲದೆಂಬುದಕ್ಕೆ ತಂತ್ರಾಂಶದ ಲೋಕದಿಂದ ಆಚೆ ನಡೆದ ಒಂದು ಪ್ರಯೋಗ ಪ್ರಸಿದ್ಧವಾಗಿದೆ. 1970ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ನಾಫ್ಟುಲಿನ್, ವೇರ್, ಡೊನೆಲಿ ಎಂಬ ಮೂವರು ವಿದ್ವಾಂಸರು ಒಬ್ಬ ನಟನನ್ನು ಗೊತ್ತುಮಾಡಿದರು. ನೋಡಲು ಗಂಭೀರ, ಮಾತಿನಲ್ಲಿ ಚತುರ. ಅವನಿಗೆ ಡಾಕ್ಟರ್ ಫಾಕ್ಸ್ ಎಂಬ ಹೆಸರನ್ನೂ ದೊಡ್ಡ ದೊಡ್ಡ ಬಿರುದುಗಳನ್ನೂ ಕೊಟ್ಟು, ಮನೋವೈದ್ಯರೂ ಮನಶ್ಶಾಸ್ತ್ರಜ್ಞರೂ ಇದ್ದ ಸಭೆಗೆ ಕರೆತಂದರು. ವೈದ್ಯಶಿಕ್ಷಣಕ್ಕೆ ಗಣಿತದ ಒಂದು ಶಾಖೆಯನ್ನು ಅನ್ವಯಿಸುವ ವಿಷಯವಾಗಿ ಅವನು ಉಪನ್ಯಾಸ ಮಾಡಬೇಕು. ಆದರೆ ಅದರಲ್ಲಿ ಹುರುಳೇನೂ ಇರಕೂಡದು! ಒಂದಕ್ಕೊಂದು ಹೊಂದದ ವಾಕ್ಯಗಳು, ಆಗಲೇ ಹುಟ್ಟಿಸಿದ ಪದಗಳು, ಮೊದಲು ಹೇಳಿದ್ದಕ್ಕೆ ವಿರುದ್ಧವಾದ ಮಾತುಗಳು, ನಡುನಡುವೆ ವಿನೋದ, ಇದಿಷ್ಟೇ ಸಾಮಗ್ರಿ. ನಟ ಅದನ್ನು ಹಾಗೆಯೇ ನಡೆಸಿಕೊಟ್ಟನು. ಆ ಉಪನ್ಯಾಸವನ್ನೂ, ಆಮೇಲೆ ಅದರ ಚಿತ್ರಮುದ್ರಣವನ್ನೂ ನೋಡಿದವರು ಒಟ್ಟು 55 ಮಂದಿ. ಅವರಲ್ಲಿ ಹೆಚ್ಚಿನವರು ಅಭಿಪ್ರಾಯಪತ್ರದಲ್ಲಿ ಒಳ್ಳೆಯ ಮಾತನ್ನೇ ಬರೆದರು. ಮೋಸವನ್ನು ಒಬ್ಬರೂ ಕಂಡುಹಿಡಿಯಲಿಲ್ಲ. ಡಾಕ್ಟರ್ ಫಾಕ್ಸ್ ಅವರ ಬರಹಗಳನ್ನು ತಾವು ಹಿಂದೆ ಓದಿರುವುದಾಗಿ ಬರೆದುಕೊಟ್ಟ ಮಹಾಶಯರೂ ಒಬ್ಬರಿದ್ದರು!

1973ರಲ್ಲಿ ಈ ಪ್ರಯೋಗದ ವಿವರ ಪ್ರಕಟವಾದಾಗಿನಿಂದ ಅಭಿಪ್ರಾಯಪತ್ರಗಳನ್ನು ಹಳಿಯುವವರಿಗೆಲ್ಲ ಅದು ಕೈಯಾಯುಧವಾಯಿತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 2014ರಲ್ಲಿ ಪೀರ್ ಮತ್ತು ಬಾಬಾದ್ ಎಂಬ ಇಬ್ಬರು ಸಂಶೋಧಕರು ಅದೇ ಹಳೆಯ ಚಿತ್ರಮುದ್ರಣವನ್ನು ಹೊಸ ವಿದ್ಯಾರ್ಥಿಗಳಿಗೆ ತೋರಿಸಿದರು. ಈ ವಿದ್ಯಾರ್ಥಿಗಳೂ ಉಪನ್ಯಾಸವನ್ನು ಹೊಗಳಿದರು. ಆದರೆ ಈ ಸಲ ಇನ್ನೊಂದು ಪ್ರಶ್ನೆಯನ್ನು ನೇರವಾಗಿ ಕೇಳಲಾಗಿತ್ತು: ಇದರಿಂದ ಕಲಿತದ್ದೇನಾದರೂ ಉಂಟೋ? ತಾವು ಕಲಿತೆವೆಂಬ ಭ್ರಮೆ ಅವರಿಗೆ ಇರಲಿಲ್ಲವೆಂದು ಉತ್ತರಗಳಿಂದ ತಿಳಿದುಬಂದಿತು. ಕೇಳುಗರು ಮೂಢರೇನೂ ಆಗಿರಲಿಲ್ಲ. ಕೇಳಿದ ಪ್ರಶ್ನೆಗೆ ತಕ್ಕ ಉತ್ತರ ಕೊಟ್ಟಿದ್ದರು. ಹೇಗಿತ್ತೆಂದು ಕೇಳಿದರೆ ಚೆನ್ನಾಗಿತ್ತೆಂದರು. ಕಲಿತಿರಾ ಎಂದು ಕೇಳಿದರೆ ಇಲ್ಲವೆಂದರು. ಎರಡೂ ಸತ್ಯವೇ.

ಕೇಳುಗರ ಅಭಿಪ್ರಾಯಕ್ಕೆ ಇನ್ನೊಂದು ಮುಖವುಂಟು. ಅದು ಅಷ್ಟು ವಿನೋದದ್ದಲ್ಲ. ಚೀಟಿಗೆ ಹೆಸರು ಬರೆಯಬೇಕಾಗಿಲ್ಲ. ಹೆಸರಿಲ್ಲದ ಕೈ ಧೈರ್ಯದಿಂದ ಸತ್ಯವನ್ನು ಬರೆಯಬಲ್ಲದು. ಅಷ್ಟೇ ಧೈರ್ಯದಿಂದ ಕ್ರೌರ್ಯವನ್ನೂ ಬರೆಯಬಲ್ಲದು. ಉಪನ್ಯಾಸವನ್ನು ಬಿಟ್ಟು ಉಪನ್ಯಾಸಕಿಯ ಉಡುಪನ್ನು ಕುರಿತು ಬರೆಯುವವರುಂಟು. ವಿಷಯವನ್ನು ಬಿಟ್ಟು ಉಚ್ಚಾರಣೆಯನ್ನು ಅಣಕಿಸುವವರುಂಟು. ಇಂಗ್ಲಿಷನ್ನು ಶಾಲೆಯಲ್ಲಿ ಕಲಿತು ಬಂದವರಿಗೆ ಆ ಎರಡನೆಯ ಅಣಕದ ಮೊನೆ ಎಷ್ಟು ಚೂಪೆಂಬುದು ಚೆನ್ನಾಗಿ ಗೊತ್ತು. ಮನುಷ್ಯನ ಮನಸ್ಸಿನ ಲೆಕ್ಕಾಚಾರವೂ ವಿಚಿತ್ರವಾದದ್ದು. ನಲವತ್ತು ಹಸಿರು ಚೀಟಿಗಳನ್ನು ಎಣಿಸಿ ಮರೆತುಬಿಡುವ ಮನಸ್ಸು ಒಂದು ಕೆಂಪು ಚೀಟಿಯ ಒಂದು ಸಾಲನ್ನು ವರ್ಷಗಟ್ಟಲೆ ಬಾಯಿಪಾಠವಾಗಿ ಇಟ್ಟುಕೊಂಡಿರುತ್ತದೆ. ಮೊದಲ ಸಲ ವೇದಿಕೆ ಹತ್ತಿದವರು ಅದೇ ಕಡೆಯ ಸಲವೆಂದು ಇಳಿದುಹೋಗಲು ಅಂಥ ಒಂದು ಸಾಲು ಸಾಕು. ಬರೆದವನಿಗೆ ಅದು ಕಾಫಿಗೆ ಹೋಗುವ ದಾರಿಯಲ್ಲಿ ಗೀಚಿದ ಸಾಲು. ಬರೆದದ್ದೇ ಅವನಿಗೆ ನೆನಪಿರುವುದಿಲ್ಲ.

ಹಾಗೆಂದು ಹಿತವಾದುದನ್ನಷ್ಟೇ ಬರೆಯಬೇಕೆಂದು ಕಟ್ಟಳೆ ಮಾಡಿದರೆ ಅದೂ ಒಂದು ಬಗೆಯ ವಂಚನೆಯಾದೀತು. ನಿಷ್ಠುರವಾದ ಮಾತನ್ನು ಹೇಳುವುದಕ್ಕೂ ಕೇಳುವುದಕ್ಕೂ ಒಂದು ಶಿಸ್ತು ಬೇಕು. ಅಂಥ ಶಿಸ್ತನ್ನು ರೂಢಿಸಿಕೊಂಡ ಒಂದು ಸಮ್ಮೇಳನವುಂಟು. ತಂತ್ರಾಂಶ ಕಟ್ಟುವಾಗ ಮತ್ತೆಮತ್ತೆ ಎದುರಾಗುವ ತೊಡಕುಗಳನ್ನೂ ಅವುಗಳ ಪರಿಹಾರಗಳನ್ನೂ ಕುರಿತು ಬರೆಯುವವರು 1994ರಲ್ಲಿ ಅಮೆರಿಕದ ಇಲಿನಾಯ್ ಸಂಸ್ಥಾನದ ಆಲರ್ಟನ್ ಪಾರ್ಕ್ ಎಂಬ ವನದಲ್ಲಿ ಮೊದಲ ಬಾರಿಗೆ ಸೇರಿದರು. ಗಣಕವಿಜ್ಞಾನಿಯೂ ಕವಿಯೂ ಆದ ರಿಚರ್ಡ್ ಗೇಬ್ರಿಯಲ್ ಅವರು ಕವಿಗಳ ಕಮ್ಮಟದ ಪದ್ಧತಿಯೊಂದನ್ನು ಈ ಬಳಗಕ್ಕೆ ಪರಿಚಯಿಸಿದರು. ಅಲ್ಲಿ ವಿಮರ್ಶೆಗೆ ಒಳಗಾಗುವುದು ಬರಹವೇ ಹೊರತು ಉಪನ್ಯಾಸವಲ್ಲ. ಆದರೂ ಆ ಪದ್ಧತಿ ಉಪನ್ಯಾಸಕರು ಅಸೂಯೆಪಡುವಂಥದು.

ಎಲ್ಲರೂ ಬರಹವನ್ನು ಮೊದಲೇ ಓದಿಕೊಂಡು ಬಂದು ವರ್ತುಲವಾಗಿ ಕುಳಿತುಕೊಳ್ಳುತ್ತಾರೆ. ಬರೆದವನು ತನಗೆ ಬೇಕಾದ ಒಂದು ಸಣ್ಣ ಭಾಗವನ್ನು ಗಟ್ಟಿಯಾಗಿ ಓದುತ್ತಾನೆ. ಅಲ್ಲಿಂದ ಮುಂದೆ ಅವನು ತುಟಿ ಎರಡು ಮಾಡುವಂತಿಲ್ಲ. ಉಳಿದವರು ಅವನು ಅಲ್ಲಿ ಇಲ್ಲವೇ ಇಲ್ಲವೆಂಬಂತೆ ಆ ಬರಹವನ್ನು ಕುರಿತು ತಮ್ಮತಮ್ಮೊಳಗೆ ಮಾತನಾಡಿಕೊಳ್ಳುತ್ತಾರೆ. ಅವನ ಹೆಸರನ್ನೂ ಹೇಳದೆ 'ಲೇಖಕರು' ಎನ್ನುತ್ತಾರೆ. ಮೊದಲು ಒಬ್ಬರು ಬರಹದ ಸಾರವನ್ನು ಹೇಳಬೇಕು. ಲೇಖಕನಿಗೆ ಇದೇ ದೊಡ್ಡ ಪಾಠ. ತಾನು ಬರೆದದ್ದು ಒಂದು, ಓದಿದವರಿಗೆ ತಿಳಿದದ್ದು ಇನ್ನೊಂದು ಎಂಬುದು ಅಲ್ಲಿಯೇ ಬಯಲಾಗುತ್ತದೆ. ಅನಂತರ ಬರಹದಲ್ಲಿ ಯಾವುದು ಚೆನ್ನಾಗಿದೆ, ಯಾವುದನ್ನು ಬದಲಿಸದೆ ಉಳಿಸಿಕೊಳ್ಳಬೇಕು ಎಂಬ ಮಾತು. ಅದು ಮುಗಿದ ಮೇಲೆಯೇ ಕೊರತೆಗಳ ಸರದಿ. ಕೊರತೆಯನ್ನು ತೋರಿಸಿದವರು ಅದನ್ನು ತಿದ್ದುವ ದಾರಿಯನ್ನೂ ಸೂಚಿಸಬೇಕು. ಇಷ್ಟು ಹೊತ್ತೂ ಲೇಖಕನು ಟಿಪ್ಪಣಿ ಬರೆದುಕೊಳ್ಳುತ್ತಾ ಸುಮ್ಮನೆ ಕುಳಿತಿರುತ್ತಾನೆ. 'ಅಯ್ಯೋ, ನಾನು ಹೇಳಿದ್ದು ಹಾಗಲ್ಲ!' ಎಂಬ ಮಾತು ನಾಲಗೆಯ ತುದಿಗೆ ಬಂದು ಹಿಂದಿರುಗುತ್ತದೆ. ಕಡೆಯಲ್ಲಿ ಅವನಿಗೆ ಮಾತನಾಡುವ ಅವಕಾಶ ಬರುತ್ತದೆ. ಆದರೆ ಅದು ತಿಳಿಯದುದನ್ನು ಕೇಳಿ ತಿಳಿದುಕೊಳ್ಳಲಿಕ್ಕೇ ಹೊರತು ವಾದಿಸಲಿಕ್ಕಲ್ಲ. ಪುಸ್ತಕ ಓದುಗನ ಕೈ ಸೇರಿದ ಮೇಲೆ ಲೇಖಕನು ಪಕ್ಕದಲ್ಲಿ ನಿಂತು ವಿವರಿಸಲಾರನಲ್ಲವೇ? ಆ ಅಸಹಾಯಕತೆಯನ್ನು ಅವನು ಇಲ್ಲಿ ಮುಂಚಿತವಾಗಿಯೇ ಅನುಭವಿಸುತ್ತಾನೆ. ಎಲ್ಲ ಮುಗಿದ ಮೇಲೆ ಅವನು ಎಲ್ಲರಿಗೂ ಕೃತಜ್ಞತೆ ಹೇಳುತ್ತಾನೆ. ಅವರು ಚಪ್ಪಾಳೆ ತಟ್ಟುತ್ತಾರೆ. ಈ ಚಪ್ಪಾಳೆಗೆ ಅರ್ಥವಿದೆ.

ಭಾರತದಲ್ಲಿಯೂ ಇಂಥ ಸಮ್ಮೇಳನಗಳು ಬೇರೂರಿವೆ. ಪೈಥಾನ್ ಎಂಬ ಗಣಕಭಾಷೆಯನ್ನು ಬಳಸುವವರ ಮೊದಲ ಅಖಿಲ ಭಾರತ ಸಮ್ಮೇಳನ 2009ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ನಡೆಯಿತು. ಸಂಬಳವಿಲ್ಲದೆ ದುಡಿಯುವ ಉತ್ಸಾಹಿಗಳು ಅದನ್ನು ವರ್ಷದಿಂದ ವರ್ಷಕ್ಕೆ ಬೇರೆಬೇರೆ ಊರುಗಳಲ್ಲಿ ನಡೆಸಿಕೊಂಡು ಬಂದಿದ್ದಾರೆ. ಇಂಥದೊಂದು ಸಭೆಯಲ್ಲಿ ಮೊದಲ ಸಲ ಮಾತನಾಡಿದ ಒಬ್ಬ ತರುಣಿಯನ್ನು ಕಲ್ಪಿಸಿಕೊಳ್ಳಬಹುದು. ಜಿಲ್ಲೆಯ ಒಂದು ಕಾಲೇಜಿನಲ್ಲಿ ಓದಿ ಕೆಲಸಕ್ಕೆ ಸೇರಿದವಳು. ಇಂಗ್ಲಿಷಿನ ವಾಕ್ಯಗಳನ್ನು ಒಂದು ವಾರ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದಾಳೆ. ಉಪನ್ಯಾಸ ಮುಗಿದಿದೆ, ಚಪ್ಪಾಳೆಯೂ ಆಗಿದೆ. ರಾತ್ರಿ ಕೊಠಡಿಯಲ್ಲಿ ಒಬ್ಬಳೇ ಕುಳಿತು, ಕೇಳಿದವರು ಬರೆದುಕೊಟ್ಟುದನ್ನು ಓದುತ್ತಾಳೆ. 'ಚೆನ್ನಾಗಿತ್ತು' ಎಂದು ಕೆಲವರು. 'ಸಾಧಾರಣ' ಎಂದು ಕೆಲವರು. 'ಇಂಥವರನ್ನು ಏಕೆ ಕರೆಯುತ್ತಾರೋ' ಎಂದು ಒಬ್ಬರು. ಕೈ ಅಲ್ಲಿ ತುಸುಹೊತ್ತು ನಿಲ್ಲುತ್ತದೆ. ಅದರ ಕೆಳಗೆ ಇನ್ನೊಂದು ಚೀಟಿ, ಸಣ್ಣ ಅಕ್ಷರಗಳಲ್ಲಿ: 'ದೋಷವನ್ನು ನೀವು ಪತ್ತೆಹಚ್ಚಿದ ಬಗೆ ನಾಳೆಯೇ ನನ್ನ ಕೆಲಸಕ್ಕೆ ಬರುತ್ತದೆ. ಆದರೆ ಪರದೆಯ ಮೇಲಿನ ಅಕ್ಷರ ಕಡೆಯ ಸಾಲಿಗೆ ಕಾಣಲಿಲ್ಲ. ಮೂರನೆಯ ಉದಾಹರಣೆಯಲ್ಲಿ ದಾರಿ ತಪ್ಪಿದೆ. ನೀವು ನಡುವಿನ ಒಂದು ಹೆಜ್ಜೆಯನ್ನು ಬಿಟ್ಟಿರಿ.'

ಅವಳು ಗಣಕಯಂತ್ರವನ್ನು ತೆರೆದು ಮೂರನೆಯ ಉದಾಹರಣೆಯನ್ನು ನೋಡಿದಳು. ಬಿಟ್ಟುಹೋದದ್ದು ನಿಜವಾಗಿಯೂ ಒಂದು ಹೆಜ್ಜೆಯೇ. ತನಗೆ ತೀರ ಪರಿಚಿತವಾದ ಹೆಜ್ಜೆಯಾದ್ದರಿಂದ ಅದು ಅವಳ ಕಣ್ಣಿಗೆ ಬಿದ್ದಿರಲೇ ಇಲ್ಲ.

ಮರುವರ್ಷದ ಸಮ್ಮೇಳನದಲ್ಲಿ, ಬೇರೊಂದು ಊರಿನಲ್ಲಿ, ಬಾಗಿಲು ತೆರೆಯುವುದಕ್ಕೆ ಇನ್ನೂ ಅರ್ಧ ಗಂಟೆಯಿರುವಾಗ ಅವಳು ಖಾಲಿ ಸಭಾಂಗಣಕ್ಕೆ ಬಂದಳು. ಪರದೆಯ ಮೇಲೆ ತನ್ನ ಮೊದಲ ಪುಟವನ್ನು ಮೂಡಿಸಿ, ವೇದಿಕೆಯಿಂದ ಇಳಿದು, ಕುರ್ಚಿಗಳ ನಡುವೆ ನಡೆದುಹೋಗಿ ಕಟ್ಟಕಡೆಯ ಸಾಲಿನಲ್ಲಿ ಕುಳಿತುಕೊಂಡಳು. ಕಣ್ಣು ಕಿರಿದುಮಾಡಿ ಒಮ್ಮೆ ಓದಿದಳು. ಎದ್ದುಹೋಗಿ ಅಕ್ಷರಗಳನ್ನು ಇನ್ನಷ್ಟು ದೊಡ್ಡದು ಮಾಡಿ, ಮತ್ತೆ ಬಂದು ಅದೇ ಕುರ್ಚಿಯಲ್ಲಿ ಕುಳಿತಳು.